ಫೂಟ್ ಸಾಹೇಬರೂ ವಾಲಿಯ ಬೂದಿಯೂ

ಹಂಪೆಯ ವಿಠ್ಠಲಸ್ವಾಮಿಯ ದೇವಾಲಯಕ್ಕೆ ಸಮೀಪದಲ್ಲಿ ನಿಂಬಾಪುರವೆಂಬ ಸಣ್ಣ ಗ್ರಾಮವುಂಟು. ಅಲ್ಲಿರುವ ಬೂದಿಯ ದಿಬ್ಬವು ಶ್ರೀರಾಮನ ಬಾಣದಿಂದ ಮಡಿದ ವಾಲಿಯನ್ನು ದಹಿಸಿದ ಸ್ಥಳವೆಂದು ಜನರು ನಂಬುತ್ತ ಬಂದಿದ್ದಾರೆ. ಬಳ್ಳಾರಿಯ ಮಾರ್ಗದಲ್ಲಿ ಕುಡತಿನಿಯ ಬಳಿಯ ಬೂದಿಯು ಭೀಮನು ಕೊಂದ ಹಿಡಿಂಬಾಸುರನದೆಂದು ಹೇಳುತ್ತಿದ್ದರು. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಬಾಲಿಕೆಯರು ಇಂಥ ಕಥೆಗಳನ್ನು ಅಜ್ಜಿಯರಿಂದ ಕೇಳಿಯೇ ಶಾಲೆಗೆ ಬರುತ್ತಾರೆ. ಅವರಿಗೆ ವಿಜ್ಞಾನವನ್ನು ಕಲಿಸುವಾಗ ಈ ಕಥೆಗಳನ್ನು ಹೇಗೆ ಕಾಣಬೇಕೆಂಬುದು ಉಪಾಧ್ಯಾಯರಾದ ನಮಗೆ ಸಣ್ಣ ಪ್ರಶ್ನೆಯಲ್ಲ. ಇದಕ್ಕೆ ಫೂಟ್ ಸಾಹೇಬರ ಜೀವಿತವು ತಕ್ಕ ಪಾಠವೆಂದು ನಾವು ಎಣಿಸುತ್ತೇವೆ.

ರಾಬರ್ಟ್ ಬ್ರೂಸ್ ಫೂಟರು 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ ಹುಟ್ಟಿದರು. 1858ರಲ್ಲಿ ಹಿಂದೂದೇಶದ ಭೂಗರ್ಭ ಪರಿಶೋಧನಾ ಇಲಾಖೆಯನ್ನು ಸೇರಿ, 1891ರವರೆಗೆ ಅದರಲ್ಲಿದ್ದರು. ಇವರ ಪತ್ನಿಯು ಮಿಶನರಿಗಳೂ ತಮಿಳು ಪಂಡಿತರೂ ಆಗಿದ್ದ ಪೀಟರ್ ಪರ್ಸಿವಲ್ ಅಯ್ಯನವರ ಮಗಳು.

1863ನೆಯ ಮೇ ತಿಂಗಳಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೊಂದು ಕಲ್ಲಿನ ಕೊಡಲಿ ದೊರೆಯಿತು. ಮನುಷ್ಯನ ಕೈಯೇ ಅದನ್ನು ಕೆತ್ತಿತ್ತು. ಆಗಿನ ಇಂಗ್ಲಿಷ್ ಸತ್ಯವೇದದ ಅಂಚುಗಳಲ್ಲಿ ಲೋಕಸೃಷ್ಟಿಯ ಕಾಲವು ಕ್ರಿಸ್ತಪೂರ್ವ 4004 ಎಂದು ಅಚ್ಚಾಗಿರುತ್ತಿತ್ತು. ಅದು ಅಷರ್ ಎಂಬ ಬಿಷಪರ ಲೆಕ್ಕವೇ ಹೊರತು ವೇದವಾಕ್ಯವಲ್ಲ. ಆದರೂ ಅನೇಕ ಭಕ್ತರು ಎರಡನ್ನೂ ಒಂದೇ ಎಂದು ತಿಳಿದಿದ್ದರು. ಅದೇ ವರ್ಷ ಫೂಟರೂ ಕಿಂಗ್ ಸಾಹೇಬರೂ ಅತ್ತಿರಂಪಾಕ್ಕದಲ್ಲಿ ಇಂಥವೇ ಆಯುಧಗಳನ್ನು ಕಂಡರು. ಅಲ್ಲಿನ ಅತಿ ಹಳೆಯವು ಸುಮಾರು 15 ಲಕ್ಷ ವರ್ಷಗಳವೆಂದು 2011ರಲ್ಲಿ ಪ್ರಕಟವಾಯಿತು. ವಾಲಿಯ ಕಥೆಗೆ ನಗುವ ಮೊದಲು ನಮ್ಮ ಬಾಲಿಕೆಯರು ಇದನ್ನೂ ಅರಿಯಬೇಕು.

ಬಳ್ಳಾರಿ ಸೀಮೆಯಲ್ಲಿ ಫೂಟರು ಸಂಡೂರಿನ ಬೆಟ್ಟಗಳನ್ನು ಸುತ್ತಿ, ಅಲ್ಲಿನ ಕಬ್ಬಿಣದ ಅದಿರನ್ನು ವರ್ಣಿಸಿದರು. ಆ ಅದಿರುಳ್ಳ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನಿಟ್ಟವರೂ ಅವರೇ. ಈ ಜಿಲ್ಲೆಯ ಭೂಗರ್ಭವನ್ನು ಕುರಿತ ಅವರ ಗ್ರಂಥವು 1895ರಲ್ಲಿ ಹೊರಬಿತ್ತು. ಆದರೆ ನಮಗೆ ಹೆಚ್ಚು ಪ್ರಿಯವಾದದ್ದು ಬೂದಿಯ ವಿಚಾರ. ಈ ದಿಬ್ಬಗಳಲ್ಲಿ ಗಾಜಿನಂತೆ ಕರಗಿ ಹೆಪ್ಪುಗಟ್ಟಿದ ಕಿಟ್ಟವಿರುವುದರಿಂದ ಕೆಲವರು ಇವನ್ನು ಕುಲುಮೆಗಳ ಕಸವೆಂದರು. ಫೂಟರು ಬೂದಿಯನ್ನೂ, ಸುತ್ತಲೂ ಬಿದ್ದಿದ್ದ ಕಲ್ಲಿನ ಕೊಡಲಿಗಳನ್ನೂ, ಮಡಕೆಯ ಚೂರುಗಳನ್ನೂ ನೋಡಿ, ಇದು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಸುಟ್ಟ ಸಗಣಿಯೆಂದು ನಿರ್ಣಯಿಸಿದರು. ಹುಲ್ಲಿನಲ್ಲಿರುವ ಮರಳಿನಂಶವು ಸಗಣಿಯಲ್ಲಿ ಉಳಿದು, ಮಹಾತಾಪಕ್ಕೆ ಸಿಕ್ಕಿ ಕರಗುತ್ತದೆ. ರಾಕ್ಷಸನ ಬದಲು ಸಗಣಿಯೇ ಎಂದು ಮೂಗು ಮುರಿಯುವವರುಂಟು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇದೇ ನೆಲದಲ್ಲಿ ದನಗಳ ಹಿಂಡುಗಳಿದ್ದುವೆಂಬುದು ನಮಗೇನೋ ಕಡಿಮೆ ಅದ್ಭುತವೆನಿಸದು.

ಈ ಮಾತು ಬಹುಕಾಲ ವಿವಾದದಲ್ಲಿತ್ತು. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ರಾಯಚೂರಿನಾಚೆ ಉಟ್ನೂರಿನ ದಿಬ್ಬವನ್ನು ಅಗೆದಾಗ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಕಂಡುಬಂದುವು.

ಆದರೂ ನಿಂಬಾಪುರಕ್ಕೆ ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯಿನಿಯು ಮೊದಲು ವಾಲಿಯ ಕಥೆಯನ್ನೇ ಹೇಳಿಸಲಿ. ಅಲ್ಲಿರುವುದು ಮಣ್ಣಲ್ಲ, ಬೂದಿಯೆಂದು ಗುರುತಿಸಿ ನೆನಪಿಟ್ಟವರು ಆ ಊರ ಜನರೇ. ಅದು ಯಾವುದರ ಬೂದಿಯೆಂಬುದಕ್ಕೆ ಉತ್ತರವನ್ನು ಆ ಬೂದಿಯಿಂದಲೇ ಪಡೆಯಬೇಕು. ವಾಲಿಸುಗ್ರೀವರ ವೈರದಲ್ಲಿ ನ್ಯಾಯವಾವುದೆಂಬುದನ್ನು ಬೂದಿಯು ತಿಳಿಸಲಾರದು.

ಫೂಟರು 1912ನೆಯ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಏರ್ಕಾಡಿನ ದೇವಾಲಯದ ಆವರಣದಲ್ಲಿ ಇಟ್ಟಿದ್ದಾರೆ.