ಸೆಲ್ಫ್ ಸ್ಟಾರ್ಟ್ ಕೊಟ್ಟ ಕೆಟೆರಿಂಗ್

ಕಾರು ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಮೆಕ್ಯಾನಿಕ್ ಮೊದಲು ಕೇಳೋದು, ಸೆಲ್ಫ್ ತಗೊಳ್ತಿದೆಯಾ ಅಂತ. ತಗೊಳ್ಳದಿದ್ದರೆ ಬ್ಯಾಟರಿ, ಟರ್ಮಿನಲ್, ಸ್ಟಾರ್ಟರ್ ಮೋಟಾರು ನೋಡಬೇಕು. ಎಂಜಿನ್ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪ್ಲಗ್‌ನಲ್ಲಿ ಕಿಡಿ ಬರ್ತಿದೆಯಾ, ಪೆಟ್ರೋಲು ಹೋಗ್ತಿದೆಯಾ ಅಂತ ನೋಡಬೇಕು. ಸೆಲ್ಫ್, ಕಿಡಿ, ಪೆಟ್ರೋಲು – ಈ ಮೂರಕ್ಕೂ ಕೈಹಾಕಿದ ಒಬ್ಬ ಎಂಜಿನಿಯರ್ ಇದ್ದ. ಹೆಸರು ಚಾರ್ಲ್ಸ್ ಕೆಟೆರಿಂಗ್.

1876ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಲೌಡನ್‌ವಿಲ್ ಹತ್ತಿರ, ರೈತರ ಮನೆಯಲ್ಲಿ ಹುಟ್ಟಿದವನು. ಕಣ್ಣಿನ ತೊಂದರೆಯಿಂದ ಕಾಲೇಜು ಬಿಟ್ಟು, ಟೆಲಿಫೋನ್ ಕಂಪನಿಯಲ್ಲಿ ಲೈನ್ ಎಳೆಯುವ ಕೆಲಸ ಮಾಡಿದ. ಮತ್ತೆ ಓಹಾಯೊ ಸ್ಟೇಟ್ ಯೂನಿವರ್ಸಿಟಿಗೆ ವಾಪಸ್ ಬಂದು 1904ರಲ್ಲಿ ಎಲೆಕ್ಟ್ರಿಕಲ್ ಪದವಿ ಪಡೆದಾಗ ವಯಸ್ಸು 27 ದಾಟಿತ್ತು. ಇಯರ್ ಬ್ಯಾಕ್ ಅಂತ ತಲೆ ಕೆಡಿಸಿಕೊಂಡಿರೋರು ಇದನ್ನ ಒಮ್ಮೆ ಗಮನಿಸಿ!

ಮೊದಲ ಕೆಲಸ ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿಯ ಹಣದ ಯಂತ್ರವನ್ನು ಕೈಯಿಂದ ತಿರುಗಿಸುವ ಬದಲು ಮೋಟಾರಿನಿಂದ ತಿರುಗಿಸಬೇಕಿತ್ತು. ಇಲ್ಲಿ ಮೋಟಾರು ದಿನವಿಡೀ ಓಡಬೇಕಾಗಿಲ್ಲ, ಕ್ಷಣ ಹೊತ್ತು ಜೋರಾಗಿ ತಿರುಗಿದರೆ ಸಾಕು ಅನ್ನೋದನ್ನ ಈತ ಕಂಡುಕೊಂಡ. 1909ರಲ್ಲಿ ಎಡ್ವರ್ಡ್ ಡೀಡ್ಸ್ ಜೊತೆ ಸೇರಿ ಡೆಲ್ಕೊ ಕಂಪನಿ ಶುರು ಮಾಡಿದ. ಕ್ಯಾಡಿಲಾಕ್ ಕಾರಿಗೆ ಬ್ಯಾಟರಿ ಮತ್ತು ಕಾಯಿಲ್‌ನ ಇಗ್ನಿಷನ್ ಮಾಡಿಕೊಟ್ಟ.

ಆ ಕಾಲದಲ್ಲಿ ಕಾರು ಸ್ಟಾರ್ಟ್ ಮಾಡೋಕೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಕಿಡಿ ಸ್ವಲ್ಪ ಬೇಗ ಹೊತ್ತಿದರೆ ಹ್ಯಾಂಡಲ್ ಹಿಂದಕ್ಕೆ ಒದ್ದು ಕೈಮೂಳೆ ಮುರಿಯುತ್ತಿತ್ತು. ಕ್ಯಾಡಿಲಾಕ್‌ನ ಮುಖ್ಯಸ್ಥ ಹೆನ್ರಿ ಲೀಲ್ಯಾಂಡ್‌ಗೆ ಇದಕ್ಕೊಂದು ಪರಿಹಾರ ಬೇಕಿತ್ತು. ಎಂಜಿನ್ ತಿರುಗಿಸುವಷ್ಟು ದೊಡ್ಡ ಮೋಟಾರು ಕಾರಿನಲ್ಲಿ ಹಿಡಿಸೋದೇ ಇಲ್ಲ ಅನ್ನೋದು ಹಲವರ ಲೆಕ್ಕ. ಆ ಲೆಕ್ಕ ಸತತವಾಗಿ ಓಡುವ ಮೋಟಾರಿನದ್ದು. ಕೆಟೆರಿಂಗ್‌ಗೆ ಕ್ಯಾಶ್ ರಿಜಿಸ್ಟರ್ ಗೊತ್ತಿತ್ತಲ್ಲ! ಸಣ್ಣ ಮೋಟಾರಿಗೆ ಕೆಲವೇ ಸೆಕೆಂಡು ಓವರ್‌ಲೋಡ್ ಕೊಟ್ಟ. ಎಂಜಿನ್ ಹತ್ತಿಕೊಂಡ ಮೇಲೆ ಅದೇ ಯಂತ್ರ ಜನರೇಟರ್ ಆಗಿ ಬ್ಯಾಟರಿ ಚಾರ್ಜ್ ಮಾಡುತ್ತಿತ್ತು. 1912ರ ಕ್ಯಾಡಿಲಾಕ್ ಇದರೊಂದಿಗೇ ಮಾರುಕಟ್ಟೆಗೆ ಬಂತು.

ಮುಂದೆ ಇನ್ನೊಂದು ತಲೆನೋವು. ಎಂಜಿನ್‌ಗಳು ಕಟಕಟ ಅಂತ ನಾಕಿಂಗ್ ಮಾಡತೊಡಗಿದವು. ದೂರು ಬಂದದ್ದು ಕೆಟೆರಿಂಗ್‌ನ ಇಗ್ನಿಷನ್ ಮೇಲೇ. ಈತ ವಾದಕ್ಕಿಳಿಯದೆ ತನ್ನ ಸಹಾಯಕ ಥಾಮಸ್ ಮಿಡ್ಜ್‌ಲಿಯನ್ನು ಪ್ರಯೋಗಕ್ಕೆ ಹಚ್ಚಿದ. ಸಿಲಿಂಡರಿನ ಒತ್ತಡದ ಗೆರೆಯನ್ನು ಫಿಲ್ಮ್ ಮೇಲೆ ಮೂಡಿಸಿ ನೋಡಿದರೆ, ನಾಕಿಂಗ್ ಆಗುತ್ತಿದ್ದದ್ದು ಕಿಡಿ ಹತ್ತಿದ ನಂತರ. ದೋಷ ಇಂಧನದಲ್ಲಿತ್ತು. ಕೆಂಪು ಬಣ್ಣ ಬೆರೆಸಿದರೆ ಇಂಧನ ಶಾಖ ಹೀರಿಕೊಂಡು ಸರಿಹೋಗಬಹುದು ಅಂತ ಅಂದುಕೊಂಡು ಕೈಗೆ ಸಿಕ್ಕ ಅಯೋಡಿನ್ ಹಾಕಿದರು, ನಾಕಿಂಗ್ ತಗ್ಗಿತು! ಆದರೆ ಬೇರೆ ಕೆಂಪು ಬಣ್ಣಗಳಿಂದ ಏನೂ ಆಗಲಿಲ್ಲ. ಅಂದರೆ ಊಹೆ ತಪ್ಪು, ಕೆಲಸ ಮಾಡಿದ್ದು ಬಣ್ಣವಲ್ಲ, ರಾಸಾಯನಿಕ. ಹುಡುಕಾಟ ಮುಂದುವರಿದು 1921ರಲ್ಲಿ ಟೆಟ್ರಾಈಥೈಲ್ ಲೆಡ್ ಸಿಕ್ಕಿತು.

ಇಲ್ಲಿಂದ ಕಥೆ ಕಹಿ. ಸೀಸ ವಿಷ ಅನ್ನೋದು ಆಗಲೇ ಗೊತ್ತಿದ್ದ ವಿಷಯ. ಆಲ್ಕೊಹಾಲ್ ಬೆರೆಸಿದರೂ ನಾಕಿಂಗ್ ತಗ್ಗುತ್ತದೆ ಅನ್ನೋದೂ ಇವರಿಗೆ ಗೊತ್ತಿತ್ತು. ಆದರೆ ಸೀಸ ಚೂರೇ ಸಾಕು, ಅಗ್ಗ, ಪೇಟೆಂಟ್ ಹಣವೂ ಬರುತ್ತದೆ. 1924ರಲ್ಲಿ ನ್ಯೂಜೆರ್ಸಿಯ ಘಟಕವೊಂದರಲ್ಲಿ ಐವರು ಕಾರ್ಮಿಕರು ಈ ವಿಷಕ್ಕೆ ಸತ್ತರು. ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಮುಂತಾದವರು ಎಚ್ಚರಿಸಿದರೂ, ಮಾರಾಟ ಕೆಲಕಾಲ ನಿಂತು ಮತ್ತೆ ಶುರುವಾಯಿತು. ಅದನ್ನು ಮಾರಿದ ಈಥೈಲ್ ಕಂಪನಿಯ ಮೊದಲ ಅಧ್ಯಕ್ಷ ಕೆಟೆರಿಂಗ್‌ನೇ. ಭಾರತದ ಪೆಟ್ರೋಲಿನಿಂದ ಸೀಸ ತೆಗೆದದ್ದು 2000ದಲ್ಲಿ. ಜಗತ್ತಿನಲ್ಲಿ ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಅಷ್ಟು ವರ್ಷ ಮಕ್ಕಳ ರಕ್ತಕ್ಕೆ ಸೀಸ ಸೇರುತ್ತಲೇ ಇತ್ತು.

ಜನರಲ್ ಮೋಟಾರ್ಸ್‌ನ ಸಂಶೋಧನಾ ವಿಭಾಗವನ್ನು 1947ರವರೆಗೆ ನಡೆಸಿ, 1958ರಲ್ಲಿ ಕೆಟೆರಿಂಗ್ ತೀರಿಕೊಂಡ. ನ್ಯೂಯಾರ್ಕಿನ ಸ್ಲೋನ್ ಕೆಟೆರಿಂಗ್ ಕ್ಯಾನ್ಸರ್ ಸಂಸ್ಥೆಯಲ್ಲಿ ಈಗಲೂ ಆತನ ಹೆಸರಿದೆ. ದೋಷ ಎಲ್ಲಿದೆ ಅಂತ ಹುಡುಕುವುದನ್ನು ಈತನಿಂದ ಧಾರಾಳವಾಗಿ ಕಲಿಯೋಣ. ಆದರೆ ರಿಪೇರಿ ಮುಗಿದ ಮೇಲೆ ಎಂಜಿನ್ ಸದ್ದು ಕೇಳಿದರಷ್ಟೇ ಸಾಲದು, ಸೈಲೆನ್ಸರ್‌ನಿಂದ ಏನು ಹೊರಗೆ ಬರ್ತಿದೆ ಅಂತಲೂ ನೋಡಬೇಕು.