ಸಂಚಾರಿ ಧರ್ಮಬೋಧಕ ಫ್ರಾನ್ಸಿಸ್ ಆಸ್ಬರಿಯ ಚರಿತ್ರೆ

ನಿಂತ ನೀರು ಕೆಡುವುದೆಂದೂ ಹರಿಯುವ ನೀರು ತಿಳಿಯಾಗಿರುವುದೆಂದೂ ಹಿರಿಯರು ಹೇಳುವರು. ಮನೆಯ ಮಮತೆಯನ್ನು ತೊರೆದು, ಊರಿಂದೂರಿಗೆ ನಡೆದು, ಶ್ರದ್ಧಾವಂತರ ಅಂಗಳದಲ್ಲಿ ನಿಂತು ಧರ್ಮವನ್ನು ಬೋಧಿಸುವ ಪದ್ಧತಿಯು ಒಂದು ದೇಶಕ್ಕಾಗಲಿ ಒಂದು ಮತಕ್ಕಾಗಲಿ ಮೀಸಲಾದುದಲ್ಲ. ಕ್ರೈಸ್ತ ಮತದಲ್ಲಿಯೂ ಇಂತಹ ಸಂಚಾರಿಗಳು ಅನೇಕರು ಆಗಿಹೋಗಿರುವರು. ಅವರಲ್ಲಿ ಅಮೇರಿಕ ಖಂಡದ ಕಾಡುಮೇಡುಗಳನ್ನು ನಾಲ್ವತ್ತೈದು ವರ್ಷ ಪರ್ಯಂತ ಸುತ್ತಿದ ಫ್ರಾನ್ಸಿಸ್ ಆಸ್ಬರಿಯ ಹೆಸರು ಅಗ್ರಗಣ್ಯವಾದುದು. ಕೋಲಾರ, ಬೀದರ, ಬೆಳಗಾವಿ ಮೊದಲಾದ ಕನ್ನಡ ಪ್ರಾಂತಗಳಲ್ಲಿ ಶಾಲೆ ಆಸ್ಪತ್ರೆಗಳನ್ನು ನಡೆಯಿಸಿದ ಅಮೇರಿಕದ ಮೆಥಡಿಸ್ಟ್ ಮಿಷನ್ನು ಈತನು ಕಟ್ಟಿ ಬೆಳೆಯಿಸಿದ ಸಂಘದ ಶಾಖೆಯೇ ಆಗಿದ್ದಿತು. ಈತನ ಜೀವಿತದಲ್ಲಿ ವೈರಾಗ್ಯದ ಬಲವೂ ಕಾಣುವುದು. ವಿರಕ್ತನಿಗೂ ಒದಗಬಹುದಾದ ಒಂದು ಕಠಿಣವಾದ ಧರ್ಮಸಂಕಟವೂ ಕಾಣುವುದು.

ಆಸ್ಬರಿಯು ೧೭೪೫ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದ ಸಮೀಪದಲ್ಲಿ ಜನಿಸಿದನು. ತಂದೆ ಜೋಸೆಫನು ಶ್ರೀಮಂತರ ತೋಟಗಳಲ್ಲಿ ದುಡಿಯುತ್ತಿದ್ದ ಬಡವನು. ತಾಯಿ ಎಲಿಜಬೆತ್ ದೈವಭಕ್ತೆ. ಹಿರಿಯ ಮಗಳಾದ ಸಾರಳು ಎಳೆತನದಲ್ಲಿಯೇ ತೀರಿಕೊಂಡಾಗ ಆ ತಾಯಿಯ ದುಃಖವು ಮೇರೆದಪ್ಪಿ, ಆಕೆಯ ಮನಸ್ಸು ಸಂಪೂರ್ಣವಾಗಿ ಧರ್ಮದ ಕಡೆಗೆ ತಿರುಗಿತು. ಉಳಿದ ಒಬ್ಬನೇ ಮಗನಿಗೆ ಆಕೆಯೇ ಮೊದಲ ಗುರುವಾದಳು. ಬಾಲಕನು ಏಳು ವರ್ಷ ತುಂಬುವ ಹೊತ್ತಿಗೆ ಬೈಬಲ್ ಗ್ರಂಥವನ್ನು ಓದಬಲ್ಲವನಾದನು. ಆದರೆ ಶಾಲೆಯ ಉಪಾಧ್ಯಾಯನ ಕ್ರೂರವಾದ ಹೊಡೆತಗಳನ್ನು ತಾಳಲಾರದೆ ಹದಿಮೂರನೆಯ ವಯಸ್ಸಿನ ಸುಮಾರಿಗೆ ವಿದ್ಯಾಭ್ಯಾಸವನ್ನು ಬಿಟ್ಟು, ಲೋಹದ ಕೆಲಸದವನ ಬಳಿಯಲ್ಲಿ ಕಸಬು ಕಲಿಯತೊಡಗಿದನು. ಕುಲುಮೆಯ ಎದುರಿನಲ್ಲಿ ಕಳೆದ ಆ ವರ್ಷಗಳು ಆತನ ಮೈಯನ್ನು ಗಟ್ಟಿಗೊಳಿಸಿದುವು.

ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಎಂಬ ಪಾದ್ರಿಯ ಬೋಧನೆಯು ಬಹು ಪ್ರಸಿದ್ಧವಾಗಿದ್ದಿತು. ದೇವಾಲಯಕ್ಕೆ ಬಾರದ ಗಣಿಯ ಕೂಲಿಗಳನ್ನೂ ನೇಕಾರರನ್ನೂ ಬಡವರನ್ನೂ ಅವರಿದ್ದಲ್ಲಿಗೇ ಹೋಗಿ ಕಾಣಬೇಕೆಂಬುದು ವೆಸ್ಲಿಯ ಮತವಾಗಿದ್ದಿತು. ಆತನ ಬೋಧಕರು ಕುದುರೆಯೇರಿ ಒಂದೊಂದು ಸೀಮೆಯನ್ನು ಸುತ್ತುತ್ತಿದ್ದರು. ಆಸ್ಬರಿಯು ಹದಿನೆಂಟನೆಯ ವಯಸ್ಸಿಗೇ ನೆರೆಯೂರುಗಳಲ್ಲಿ ಬೋಧಿಸಲಾರಂಭಿಸಿ, ಕೆಲವು ವರ್ಷಗಳಲ್ಲಿ ಈ ಸಂಚಾರಿಗಳ ಪಂಕ್ತಿಯನ್ನು ಸೇರಿದನು. ೧೭೭೧ರಲ್ಲಿ ಬ್ರಿಸ್ಟಲ್ ನಗರದಲ್ಲಿ ಕೂಡಿದ ಬೋಧಕರ ಸಭೆಯಲ್ಲಿ ವೆಸ್ಲಿಯು ಅಮೇರಿಕಕ್ಕೆ ಹೋಗಬಲ್ಲವರು ಯಾರಿರುವರೆಂದು ಕೇಳಲು, ಇಪ್ಪತ್ತಾರನೆಯ ವರ್ಷದಲ್ಲಿದ್ದ ಈ ತರುಣನು ಎದ್ದು ನಿಂತನು. ಕೈಯಲ್ಲಿ ಕಾಸಿಲ್ಲದ ಆತನಿಗೆ ಬ್ರಿಸ್ಟಲಿನ ಸ್ನೇಹಿತರು ಬಟ್ಟೆಗಳನ್ನೂ ಹತ್ತು ಪೌಂಡುಗಳನ್ನೂ ಒದಗಿಸಿದರು. ಹಡಗಿನಲ್ಲಿ ಹಾಸಿಗೆಯಿಲ್ಲದೆ ಎರಡು ಕಂಬಳಿಗಳ ಮೇಲೆಯೇ ಮಲಗುತ್ತ, ಸೆಪ್ಟೆಂಬರಿನಲ್ಲಿ ಹೊರಟವನು ಅಕ್ಟೋಬರ್ ೨೭ರಂದು ಫಿಲಡೆಲ್ಫಿಯ ನಗರದಲ್ಲಿ ಇಳಿದನು. ತಾಯಿತಂದೆಗಳ ಮುಖವನ್ನು ಆತನು ಮರಳಿ ಕಾಣಲಿಲ್ಲ.

ಆಗ ಅಮೇರಿಕದಲ್ಲಿದ್ದ ಮೆಥಡಿಸ್ಟರು ಸುಮಾರು ೬೦೦ ಜನ ಮಾತ್ರ. ಮುಂಚೆ ಬಂದಿದ್ದ ಬೋಧಕರು ಚಳಿಗೆ ಅಂಜಿ ಪಟ್ಟಣಗಳಲ್ಲಿಯೇ ನೆಲೆಸಿದ್ದುದನ್ನು ಕಂಡು ಆಸ್ಬರಿಯು ಬೇಸತ್ತನು. ಜನರು ಕಾಡು ಕಡಿದು ಹೊಲ ಮಾಡುತ್ತ ದೂರದೂರ ಹರಡಿಕೊಂಡಿರುವಾಗ ಬೋಧಕನು ಪಟ್ಟಣದ ಬೆಂಕಿಗೂಡಿನ ಮುಂದೆ ಕುಳಿತರೆ ಫಲವೇನೆಂಬುದು ಆತನ ವಾದ. ಕೂಡಲೆ ತಾನೇ ಕುದುರೆಯೇರಿ ಹಳ್ಳಿಗಳ ದಾರಿ ಹಿಡಿದನು. ಅಂದಿನಿಂದ ಸಂಚಾರವೇ ಸಂಘದ ಕಟ್ಟಳೆಯಾಯಿತು. ಒಬ್ಬ ಬೋಧಕನು ನೂರಾರು ಮೈಲುಗಳ ಒಂದು ಸುತ್ತನ್ನು ಕೆಲವು ವಾರಗಳಲ್ಲಿ ಮುಗಿಸಿ ಮತ್ತೆ ಮೊದಲಿನಿಂದ ಹೊರಡಬೇಕು. ಕಣಜದಲ್ಲಿಯೋ ಮರದ ನೆರಳಿನಲ್ಲಿಯೋ ರೈತನ ಪಡಸಾಲೆಯಲ್ಲಿಯೋ ನಿತ್ಯವೂ ಬೋಧಿಸಬೇಕು. ಆತನಿಲ್ಲದ ದಿನಗಳಲ್ಲಿ ಊರವರೇ ಚಿಕ್ಕ ಕೂಟಗಳಾಗಿ ಸೇರಿ, ತಮ್ಮೊಳಗಿನ ಒಬ್ಬ ಹಿರಿಯನ ನೇತೃತ್ವದಲ್ಲಿ ಒಬ್ಬರೊಬ್ಬರ ನಡತೆಯನ್ನು ವಿಚಾರಿಸಿಕೊಳ್ಳಬೇಕು. ಯಾವ ಬೋಧಕನೂ ಒಂದೇ ಸುತ್ತಿನಲ್ಲಿ ಬಹುಕಾಲ ಉಳಿಯಕೂಡದು. ಬೇರು ಬಿಟ್ಟರೆ ಕಾಲು ಏಳುವುದಿಲ್ಲವೆಂಬುದನ್ನು ಆಸ್ಬರಿಯು ಚೆನ್ನಾಗಿ ಅರಿತಿದ್ದನು.

೧೭೭೫ರಲ್ಲಿ ಅಮೇರಿಕದವರಿಗೂ ಇಂಗ್ಲೆಂಡಿನ ಅರಸನಿಗೂ ಯುದ್ಧವು ಆರಂಭವಾಯಿತು. ವೆಸ್ಲಿಯು ಅರಸನ ಪಕ್ಷವಾಗಿ ಒಂದು ಪುಸ್ತಿಕೆಯನ್ನು ಬರೆದುದರಿಂದ ಅಮೇರಿಕದ ಮೆಥಡಿಸ್ಟರೆಲ್ಲರೂ ಸಂಶಯಕ್ಕೆ ಗುರಿಯಾದರು. ಇಂಗ್ಲೆಂಡಿನಿಂದ ಬಂದ ಬೋಧಕರು ಒಬ್ಬೊಬ್ಬರಾಗಿ ಸ್ವದೇಶಕ್ಕೆ ಮರಳಿದರು. ಆಸ್ಬರಿಯು ಮಾತ್ರ ತನ್ನ ಜನರನ್ನು ಬಿಟ್ಟು ಕದಲಲಿಲ್ಲ. ಮೇರಿಲೆಂಡ್ ಪ್ರಾಂತದಲ್ಲಿ ವಿಧಿಸಿದ ಪ್ರಮಾಣವಚನವು ಆತನ ಮನಸ್ಸಾಕ್ಷಿಗೆ ಒಪ್ಪದಿರಲು, ನೆರೆಯ ಡೆಲವೇರ್ ಪ್ರಾಂತಕ್ಕೆ ಹೋಗಿ ಥಾಮಸ್ ವೈಟ್ ಎಂಬ ನ್ಯಾಯಾಧೀಶನ ಮನೆಯಲ್ಲಿ ಆಶ್ರಯ ಪಡೆದನು. ಆತನಿಗೆ ಆಶ್ರಯವಿತ್ತ ವೈಟನು ಸೆರೆಯಾಗಬೇಕಾಯಿತು. ಅನ್ಯರ ಮನೆಯ ಅನ್ನದ ಋಣವು ಎಷ್ಟು ದೊಡ್ಡದೆಂಬುದು ಆಸ್ಬರಿಗೆ ಅಲ್ಲಿಯೇ ತಿಳಿಯಿತೆಂದು ಹೇಳಬಹುದು.

ಯುದ್ಧವು ಮುಗಿದು ಅಮೇರಿಕವು ಸ್ವತಂತ್ರವಾದ ಮೇಲೆ, ವೆಸ್ಲಿಯು ಥಾಮಸ್ ಕೋಕ್ ಎಂಬ ವಿದ್ವಾಂಸನನ್ನು ಅಲ್ಲಿಗೆ ಕಳುಹಿಸಿ, ಕೋಕನೂ ಆಸ್ಬರಿಯೂ ಕೂಡಿ ಸಂಘದ ಅಧಿಪತ್ಯವನ್ನು ವಹಿಸಬೇಕೆಂದು ಆಜ್ಞಾಪಿಸಿದನು. ದೂರದ ಗುರುವಿನ ಆಜ್ಞೆಯೊಂದರಿಂದಲೇ ತಾನು ಆ ಪೀಠವನ್ನು ಏರಲಾರೆನೆಂದೂ, ಸಂಗಡಿಗರಾದ ಬೋಧಕರು ಒಪ್ಪಿ ಆರಿಸಿದರೆ ಮಾತ್ರ ಸ್ವೀಕರಿಸುವೆನೆಂದೂ ಆಸ್ಬರಿಯು ಹೇಳಿದನು. ೧೭೮೪ರ ಕ್ರಿಸ್‌ಮಸ್ ಸಮಯದಲ್ಲಿ ಬಾಲ್ಟಿಮೋರ್ ನಗರದಲ್ಲಿ ನೆರೆದ ಸಭೆಯು ಆತನನ್ನು ಏಕಮತದಿಂದ ಆರಿಸಿತು. ಮೂರು ದಿನಗಳಲ್ಲಿ ಕ್ರಮವಾಗಿ ಮೂರು ದೀಕ್ಷೆಗಳನ್ನು ಹೊಂದಿ ಆತನು ಅಧ್ಯಕ್ಷನಾದನು. ಮುಂದೆ ಬಿಷಪ್ ಎಂಬ ಹೆಸರು ರೂಢಿಯಾಯಿತು. ದೀಕ್ಷೆಯ ಕಾಲದಲ್ಲಿ ಕೈಯಿಟ್ಟು ಹರಸಿದವರಲ್ಲಿ ಜರ್ಮನ್ ಪಂಗಡದ ಪಾದ್ರಿಯಾದ ಆಟರ್‌ಬೈನ್ ಒಬ್ಬನು. ಭಾಷೆ ಬೇರೆ, ಪಂಗಡ ಬೇರೆ. ಆದರೂ ಇವರಿಬ್ಬರ ಮೈತ್ರಿಯು ಜೀವಮಾನ ಪರ್ಯಂತ ಉಳಿಯಿತು. ಆಟರ್‌ಬೈನನು ೧೮೧೩ರಲ್ಲಿ ಕಾಲವಾದ ಬಳಿಕ ಆತನ ಸ್ಮರಣೆಯ ಉಪದೇಶವನ್ನು ಮಾಡಿದವನು ಆಸ್ಬರಿಯೇ.

ಬಿಷಪ್ ಎಂದರೆ ಅರಮನೆಯೂ ಆದಾಯವೂ ಉಳ್ಳ ಪ್ರಭುವೆಂದು ಆ ಕಾಲದ ಇಂಗ್ಲೆಂಡಿನಲ್ಲಿ ಭಾವನೆಯಿದ್ದಿತು. ಆಸ್ಬರಿಗಾದರೋ ಒಂದು ಕೋಣೆಯೂ ಇರಲಿಲ್ಲ. ಎಳೆಯ ಬೋಧಕನಿಗೆ ಸಲ್ಲುತ್ತಿದ್ದ ವರ್ಷಕ್ಕೆ ೬೪ ಡಾಲರುಗಳ ಸಂಭಾವನೆಯೇ ಆತನಿಗೂ ಸಲ್ಲುತ್ತಿತ್ತು. ೧೮೦೦ರ ಬಳಿಕ ಅದು ೮೦ ಡಾಲರುಗಳಾಯಿತು. ಅದರಲ್ಲಿಯೂ ಒಂದು ಪಾಲನ್ನು ಮುದಿ ತಾಯಿತಂದೆಗಳಿಗೆ ಕಳುಹಿಸುತ್ತಿದ್ದನು. ಅವರಿಗಾಗಿ ಒಮ್ಮೆ ತನ್ನ ಗಡಿಯಾರವನ್ನೂ ಪುಸ್ತಕಗಳನ್ನೂ ಮಾರಿದನು. ವಿವಾಹವಾಗಲಿಲ್ಲ. ಜೀನಿಗೆ ತೂಗುಹಾಕಿದ ಎರಡು ಚೀಲಗಳೇ ಆತನ ಆಸ್ತಿ. ಚಳಿಗಾಲದಲ್ಲಿ ದಕ್ಷಿಣದ ಚಾರ್ಲ್ಸ್‌ಟನ್, ವಸಂತದಲ್ಲಿ ವರ್ಜೀನಿಯ ಮತ್ತು ಮೇರಿಲೆಂಡ್, ಬೇಸಗೆಯಲ್ಲಿ ನ್ಯೂಯಾರ್ಕ್ ಮತ್ತು ಅದರಾಚೆಯ ಉತ್ತರದ ಪ್ರಾಂತಗಳು, ಮಳೆ ಚಳಿಗಳು ಮೊದಲಾಗುವ ಮುನ್ನ ಪರ್ವತಗಳನ್ನು ದಾಟಿ ಪಶ್ಚಿಮದ ಹೊಸ ಬೀಡುಗಳು. ಹೀಗೆ ವರ್ಷದ ಚಕ್ರವು ತಿರುಗುತ್ತಿತ್ತು. ೧೭೯೦ರಲ್ಲಿ ಕೆಂಟಕಿ ಪ್ರಾಂತಕ್ಕೆ ಹೋದಾಗ ದಾರಿಯ ಭಯದಿಂದ ಆಯುಧಪಾಣಿಗಳಾದ ಸವಾರರ ತಂಡವೊಂದು ಆತನ ಸಂಗಡ ನಡೆಯಬೇಕಾಯಿತು. ಆತನು ಕ್ರಮಿಸಿದ ದಾರಿಯು ಕಡಿಮೆಯೆಂದರೂ ೧,೩೦,೦೦೦ ಮೈಲುಗಳೆಂದೂ, ಅಲಿಗೆನಿ ಪರ್ವತಗಳನ್ನು ಸುಮಾರು ೬೦ ಬಾರಿ ದಾಟಿದನೆಂದೂ, ತಂಗಿದ ಮನೆಗಳು ಹತ್ತು ಸಾವಿರದಷ್ಟೆಂದೂ ಇತಿಹಾಸಕಾರರು ಲೆಕ್ಕ ಹಾಕಿರುವರು.

ಆ ಮನೆಗಳಲ್ಲಿ ಹೆಚ್ಚಿನವು ಒಂದೇ ಕೋಣೆಯ ಮರದ ಗುಡಿಸಲುಗಳು. ಮನೆಯವರೂ ಮಕ್ಕಳೂ ದಾರಿಹೋಕರೂ ಒತ್ತೊತ್ತಾಗಿ ಮಲಗಿದ ನೆಲದ ಮೇಲೆಯೇ ಬಿಷಪ್ಪನಿಗೂ ಸ್ಥಳ. ಬಂದ ಕೂಡಲೆ ಪ್ರಾರ್ಥನೆ, ಉಂಡ ಬಳಿಕ ಮಕ್ಕಳಿಗೆ ಬುದ್ಧಿವಾದ, ಬೆಳಗಾಗುವ ಮೊದಲು ಪ್ರಯಾಣ. ಗಂಟಲುಬೇನೆ, ಜ್ವರ, ಸಂಧಿವಾತಗಳು ಆತನನ್ನು ಬಿಡದೆ ಹಿಂಬಾಲಿಸಿದುವು. ಕುದುರೆಯ ಮೇಲೆ ಕುಳ್ಳಿರಲಾಗದಿದ್ದಾಗ ಸಣ್ಣ ಬಂಡಿಯಲ್ಲಿ ಹೋದನು. ಪ್ರಯಾಣವನ್ನು ಮಾತ್ರ ನಿಲ್ಲಿಸಲಿಲ್ಲ.

ಬಡವರ ಗುಡಿಸಲುಗಳಂತೆಯೇ ಸಿರಿವಂತರ ಸೌಧಗಳೂ ಆತನಿಗೆ ಬಾಗಿಲು ತೆರೆದಿದ್ದುವು. ಬಾಲ್ಟಿಮೋರಿನ ಹತ್ತಿರ ಪೆರಿ ಹಾಲ್ ಎಂಬ ಭವ್ಯ ಭವನದ ಒಡೆಯನಾದ ಹ್ಯಾರಿ ಡಾರ್ಸಿ ಗಫ್ ಎಂಬವನು ಆಸ್ಬರಿಯ ಬೋಧನೆಯನ್ನು ಕೇಳಿ ೧೭೭೫ರಲ್ಲಿ ಮನಸ್ಸು ತಿರುಗಿ ಭಕ್ತನಾದನು. ದಣಿದ ಸಂಚಾರಿಗೆ ಆ ಭವನವು ವರ್ಷವರ್ಷವೂ ವಿಶ್ರಾಂತಿಯ ತಾಣವಾಯಿತು. ಆದರೆ ಆ ಭವನದ ಹೊಲಗದ್ದೆಗಳಲ್ಲಿ ದುಡಿಯುತ್ತಿದ್ದವರು ಗುಲಾಮರು. ಆಫ್ರಿಕ ಖಂಡದಿಂದ ಹಿಡಿದು ತಂದು, ದನಕರುಗಳಂತೆ ಕೊಂಡು ಮಾರಲ್ಪಡುತ್ತಿದ್ದ ಜನರು ಮತ್ತು ಅವರ ಸಂತತಿಯವರು. ದಕ್ಷಿಣ ಪ್ರಾಂತಗಳಲ್ಲಿ ಆಸ್ಬರಿಗೆ ಊಟವಿಕ್ಕಿದ ಎಷ್ಟೋ ಮನೆಗಳ ಸ್ಥಿತಿಯೂ ಇದೇ ಆಗಿದ್ದಿತು. ಆತನ ಜೀವಿತದ ದೊಡ್ಡ ಧರ್ಮಸಂಕಟವು ಇಲ್ಲಿಯೇ ಹುಟ್ಟಿತು.

ಗುಲಾಮಗಿರಿಯು ದೈವದ್ರೋಹವೆಂದು ಆಸ್ಬರಿಯು ಮೊದಲಿನಿಂದಲೂ ನಂಬಿದ್ದನು. ೧೭೮೦ರ ಬೋಧಕರ ಸಭೆಯು ಅದನ್ನು ದೇವರ ಕಟ್ಟಳೆಗೆ ವಿರುದ್ಧವೆಂದು ಸಾರಿತು. ೧೭೮೪ರ ಸಭೆಯು ಇನ್ನೂ ಮುಂದುವರಿದು, ಸಂಘದವರು ಗೊತ್ತಾದ ಅವಧಿಯೊಳಗೆ ತಮ್ಮ ಗುಲಾಮರನ್ನು ಬಿಡುಗಡೆ ಮಾಡಲೇಬೇಕೆಂದು ನಿಯಮಿಸಿತು. ೧೭೮೫ರ ಮೇ ತಿಂಗಳಿನಲ್ಲಿ ಆಸ್ಬರಿಯೂ ಕೋಕನೂ ಮೌಂಟ್ ವರ್ನನ್‌ಗೆ ಹೋಗಿ, ಯುದ್ಧದಲ್ಲಿ ಸೇನಾಧಿಪತಿಯಾಗಿದ್ದ ಜಾರ್ಜ್ ವಾಷಿಂಗ್ಟನ್ನನನ್ನು ಕಂಡು, ಬಿಡುಗಡೆಯನ್ನು ಬೇಡುವ ಮನವಿಗೆ ಸಹಿಯನ್ನು ಯಾಚಿಸಿದರು. ವಾಷಿಂಗ್ಟನ್ನನು ಉಪಚರಿಸಿ ಊಟವಿತ್ತನು. ಅವರ ಅಭಿಪ್ರಾಯವು ತನಗೂ ಒಪ್ಪಿಗೆಯೆಂದನು. ಸಹಿಯನ್ನು ಮಾತ್ರ ಹಾಕಲಿಲ್ಲ. ಅದಾದ ಕೆಲವೇ ದಿನಗಳಲ್ಲಿ, ಭಕ್ತರ ವಿರೋಧಕ್ಕೆ ಹೆದರಿ ಬೋಧಕರ ಸಭೆಯು ತನ್ನ ನಿಯಮವನ್ನು ತಾನೇ ತಡೆಹಿಡಿಯಿತು. ನಿಯಮವು ಬಾಳಿದುದು ಆರು ತಿಂಗಳು ಮಾತ್ರ.

ಆತನ ಸಂಗಡ ಅನೇಕ ಸಲ ಸಂಚರಿಸಿದವನು ಹ್ಯಾರಿ ಹೋಸಿಯರ್ ಎಂಬ ಕಪ್ಪು ಜನಾಂಗದ ಬೋಧಕನು. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ ಈತನಿಗೆ ಓದು ಬರಹ ಬಾರದು. ಒಮ್ಮೆ ಕಿವಿಗೆ ಬಿದ್ದ ಶಾಸ್ತ್ರಭಾಗವು ಮಾತ್ರ ಮರೆಯುತ್ತಿರಲಿಲ್ಲ. ಬಿಷಪ್ಪನಿಗಿಂತಲೂ ಹ್ಯಾರಿಯ ಮಾತನ್ನು ಕೇಳಲು ಹೆಚ್ಚು ಜನರು ಕೂಡುತ್ತಿದ್ದ ದಿನಗಳೂ ಇದ್ದುವು. ರಿಚರ್ಡ್ ಆಲನ್ ಎಂಬ ಮತ್ತೊಬ್ಬ ತರುಣನು ತನ್ನ ಬಿಡುಗಡೆಯನ್ನು ತಾನೇ ದುಡಿದು ಕೊಂಡುಕೊಂಡವನು. ಈತನನ್ನು ದಕ್ಷಿಣದ ಪ್ರಯಾಣಕ್ಕೆ ಆಸ್ಬರಿಯು ಕರೆದನು. ಆದರೆ ಅಲ್ಲಿ ಗುಲಾಮರೊಡನೆ ಬೆರೆಯಕೂಡದು, ಮನೆಯೊಳಗೆ ಸ್ಥಳವಿಲ್ಲದ ರಾತ್ರಿಗಳಲ್ಲಿ ಬಂಡಿಯಲ್ಲಿಯೇ ಮಲಗಬೇಕು, ಊಟ ಬಟ್ಟೆಗಳಿಗಿಂತ ಹೆಚ್ಚಿನದೇನೂ ದೊರೆಯದು ಎಂದು ಮೊದಲೇ ತಿಳಿಸಿದನು. ತಾನು ರೋಗದಿಂದ ಬಿದ್ದರೆ ನೋಡಿಕೊಳ್ಳುವವರು ಯಾರೆಂದು ಕೇಳಿ ಆಲನ್ನನು ಒಲ್ಲೆನೆಂದನು. ಬಿಷಪ್ಪನಿಗೆ ಸಾವಿರ ಬಾಗಿಲುಗಳು ತೆರೆದಿದ್ದುವು; ಆತನ ಸಂಗಡಿಗನಿಗೆ ಅವೇ ಬಾಗಿಲುಗಳು ಮುಚ್ಚಿದ್ದುವು. ಹಾಗಿದ್ದರೂ ಇವರಿಬ್ಬರ ಸಂಬಂಧವು ಕಡಿಯಲಿಲ್ಲ. ಫಿಲಡೆಲ್ಫಿಯದಲ್ಲಿ ಬಿಳಿಯರ ಅವಮಾನವನ್ನು ಸಹಿಸದೆ ಆಲನ್ನನು ತನ್ನ ಜನರಿಗಾಗಿ ಬೆತೆಲ್ ಎಂಬ ಪ್ರತ್ಯೇಕ ದೇವಾಲಯವನ್ನು ನಿರ್ಮಿಸಿದಾಗ, ೧೭೯೪ರಲ್ಲಿ ಅದರ ಪ್ರತಿಷ್ಠೆಗೆ ಬಂದು ಬೋಧಿಸಿದವನು ಆಸ್ಬರಿ. ೧೭೯೯ರಲ್ಲಿ ಆಲನ್ನನಿಗೆ ಮೊದಲ ದೀಕ್ಷೆಯನ್ನು ಕೊಟ್ಟವನೂ ಆತನೇ.

ವರ್ಷಗಳು ಕಳೆದಂತೆ ಸಂಘವು ಬೆಳೆಯಿತು. ಸಂಘದ ಧ್ವನಿಯು ಕುಗ್ಗಿತು. ಬೋಧಕರು ಬಿಡುಗಡೆಯ ಮಾತೆತ್ತಿದರೆ ದಕ್ಷಿಣದ ಒಡೆಯರು ಗುಲಾಮರ ಬಳಿಗೆ ಅವರನ್ನು ಸುಳಿಯಗೊಡುತ್ತಿರಲಿಲ್ಲ. ೧೮೦೮ರಲ್ಲಿ ದಕ್ಷಿಣ ಕೆರೊಲೈನ ಪ್ರಾಂತಕ್ಕಾಗಿ, ಗುಲಾಮಗಿರಿಯ ಪ್ರಕರಣವನ್ನು ಕೈಬಿಟ್ಟ ನಿಯಮಪುಸ್ತಕದ ೧,೦೦೦ ಪ್ರತಿಗಳನ್ನು ಮುದ್ರಿಸಲು ಸಂಘವು ಒಪ್ಪಿತು. ಮರುವರ್ಷ ಆಸ್ಬರಿಯು ತನ್ನ ದಿನಚರಿಯಲ್ಲಿ, ಈ ಜನರ ದೇಹದ ಬಿಡುಗಡೆಗಾಗಿ ಹೋರಾಡಿ ಅವರ ಆತ್ಮದ ಬಳಿಗೆ ಹೋಗುವ ದಾರಿಯನ್ನೇ ಕಳೆದುಕೊಳ್ಳುವುದು ಯುಕ್ತವೇ ಎಂದು ತನ್ನನ್ನು ತಾನೇ ಪ್ರಶ್ನಿಸಿಕೊಂಡಿರುವನು. ಅದು ಸಮಾಧಾನ ಹೊಂದಿದವನ ಬರಹವಲ್ಲ, ದಣಿದವನ ಬರಹ. ಹಸಿವು, ಚಳಿ, ರೋಗ, ಏಕಾಂತಗಳಿಗೆ ಸೋಲದ ಧೀರನು ಉಪಕಾರಿಗಳ ಮನಸ್ಸನ್ನು ನೋಯಿಸುವ ಕಾರ್ಯದಲ್ಲಿ ಸೋತನು.

೧೮೧೬ರ ಮಾರ್ಚ್ ೨೪ರಂದು ರಿಚ್ಮಂಡ್ ನಗರದಲ್ಲಿ ಆತನ ಕೊನೆಯ ಉಪದೇಶವು ನಡೆಯಿತು. ಬಂಡಿಯಿಂದ ಆತನನ್ನು ಎತ್ತಿ ತಂದು ವೇದಿಕೆಯ ಮೇಜಿನ ಮೇಲೆ ಕುಳ್ಳಿರಿಸಬೇಕಾಯಿತು. ಮತ್ತೊಂದು ಸಭೆಗೆಂದು ಬಾಲ್ಟಿಮೋರಿನ ಕಡೆಗೆ ಹೊರಟವನು ನಡುದಾರಿಯಲ್ಲಿ, ವರ್ಜೀನಿಯದ ಸ್ಪಾಟ್ಸಿಲ್ವೇನಿಯ ಸೀಮೆಯಲ್ಲಿ, ಜಾರ್ಜ್ ಆರ್ನಲ್ಡ್ ಎಂಬ ಸ್ನೇಹಿತನ ಮನೆಯಲ್ಲಿ ಮಾರ್ಚ್ ೩೧, ರವಿವಾರದ ದಿವಸ ದೇಹವನ್ನು ಬಿಟ್ಟನು. ಜೀವಮಾನವೆಲ್ಲ ಪರರ ಮನೆಯಲ್ಲಿ ತಂಗಿದವನಿಗೆ ಮರಣವೂ ಪರರ ಮನೆಯಲ್ಲಿಯೇ ಒದಗಿತು. ಅಲ್ಲಿಯೇ ನಡೆದ ಸಮಾಧಿಯನ್ನು ತೆರೆದು ಕೆಲವು ವಾರಗಳ ಬಳಿಕ ದೇಹವನ್ನು ಬಾಲ್ಟಿಮೋರಿಗೆ ಒಯ್ದಾಗ ಸಹಸ್ರಾರು ಜನರು ಹಿಂದೆ ನಡೆದರು. ೬೦೦ ಜನರಿದ್ದ ಸಂಘದಲ್ಲಿ ಆಗ ಎರಡು ಲಕ್ಷಕ್ಕೂ ಮಿಕ್ಕಿ ಜನರಿದ್ದರು.

ಆ ಏಪ್ರಿಲ್ ತಿಂಗಳಿನಲ್ಲಿಯೇ ಫಿಲಡೆಲ್ಫಿಯದಲ್ಲಿ ಕಪ್ಪು ಜನಾಂಗದ ಮೆಥಡಿಸ್ಟರು ತಮ್ಮದೇ ಆದ ಸ್ವತಂತ್ರ ಸಂಘವನ್ನು ಸ್ಥಾಪಿಸಿ ರಿಚರ್ಡ್ ಆಲನ್ನನನ್ನು ಅದರ ಪ್ರಥಮ ಬಿಷಪ್ಪನನ್ನಾಗಿ ಆರಿಸಿದರು. ಆಸ್ಬರಿಯ ಸಂಘವಾದರೋ ೧೮೪೪ರಲ್ಲಿ ಗುಲಾಮಗಿರಿಯ ಪ್ರಶ್ನೆಯಿಂದಲೇ ಉತ್ತರ ದಕ್ಷಿಣಗಳೆಂದು ಒಡೆಯಿತು. ಹಿರಿಯನು ಬಿಟ್ಟುಹೋದ ಸಾಲವನ್ನು ಶಿಷ್ಯರು ತೀರಿಸಬೇಕಾಯಿತು.

೧೯೨೪ರಲ್ಲಿ ವಾಷಿಂಗ್ಟನ್ ನಗರದಲ್ಲಿ ಸ್ಥಾಪಿತವಾದ ಆತನ ಪ್ರತಿಮೆಯು ದಣಿದ ಕುದುರೆಯ ಮೇಲೆ ಕುಳಿತ ವೃದ್ಧನದಾಗಿದೆ. ತನಗಾಗಿ ಏನನ್ನೂ ಕೂಡಿಡದ ಆತನ ನಿಷ್ಠೆಯು ಎಲ್ಲ ಕಾಲದ ಸಂಚಾರಿಗಳಿಗೂ ಆದರ್ಶಪ್ರಾಯವಾದುದು. ಮನೆಯನ್ನು ತೊರೆಯುವುದು ಕಷ್ಟ. ಅನ್ನವಿಕ್ಕಿದವನ ಎದುರಿನಲ್ಲಿ ಅಪ್ರಿಯವಾದ ಸತ್ಯವನ್ನು ನುಡಿಯುವುದು ಅದಕ್ಕಿಂತಲೂ ಕಷ್ಟವೆಂಬುದನ್ನು ಆತನ ಚರಿತ್ರೆಯು ತೋರಿಸಿಕೊಡುವುದು. ಬೋಧಕನಿಗೆ ಬಾಗಿಲು ತೆರೆಯುವ ಭಕ್ತನು ಆತನ ನಾಲಗೆಯನ್ನೂ ಬಂಧಿಸದೆ ಬಿಟ್ಟರೆ, ಆ ಆತಿಥ್ಯವೇ ಪೂರ್ಣವಾದ ಆತಿಥ್ಯವು.