ರಾಣಿ ಲಕ್ಷ್ಮಮ್ಮಣ್ಣಿ ಮತ್ತು ಒಂದು ಚಿತ್ರ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೊಡಬೇಕೆಂದು ನಮ್ಮ ಗುರುಗಳು ಹೇಳಿದಾಗ, ಸಾಫ್ಟ್‌ವೇರ್ ಬಗ್ಗೆಯೇ ಬರೆಯುತ್ತೇನೆಂದು ಗೆಳೆಯರು ಅಂದುಕೊಂಡರು. ನಾನು ಆರಿಸಿಕೊಂಡದ್ದು ಇನ್ನೂರು ವರ್ಷಗಳ ಹಿಂದಿನ ಒಬ್ಬ ಹೆಣ್ಣುಮಗಳ ಬದುಕನ್ನು.

ಲಕ್ಷ್ಮಮ್ಮಣ್ಣಿಯವರು ಮೈಸೂರಿನ ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ. 1766ರಲ್ಲಿ ಗಂಡ ತೀರಿಕೊಂಡರು. ಅಷ್ಟರಲ್ಲಾಗಲೇ ಅಧಿಕಾರ ಹೈದರಾಲಿಯ ಕೈ ಸೇರಿತ್ತು. ರಾಜ್ಯವನ್ನು ಒಡೆಯರ ವಂಶಕ್ಕೆ ಮರಳಿಸಲು ಅವರು ಅಂತಃಪುರದೊಳಗಿಂದಲೇ ಮೂರು ದಶಕಗಳಿಗೂ ಹೆಚ್ಚು ಕಾಲ ಶ್ರಮಿಸಿದರು. ತಿರುಮಲರಾವ್ ಮತ್ತು ನಾರಾಯಣರಾವ್ ಸಹೋದರರ ಮೂಲಕ ಗುಟ್ಟಾಗಿ ಮಾತುಕತೆ ನಡೆಸಿ, 1782ರಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಸಿದರು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ, ಜೂನ್ 30ರಂದು ಮೊಮ್ಮಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಆಗ ಆ ಹುಡುಗನಿಗೆ ಇನ್ನೂ ಐದು ವರ್ಷ ತುಂಬಿರಲಿಲ್ಲ. ಇಂಗ್ಲಿಷರ ನೆರವು ಪಡೆದದ್ದು ಸರಿಯೇ ತಪ್ಪೇ ಎಂಬ ಚರ್ಚೆ ಇಂದಿಗೂ ಇದೆ. ನಾನು ಹೇಳಹೊರಟಿರುವುದು ಆಮೇಲಿನ ಕಥೆ.

ಆ ಕಾಲದ ದೊಡ್ಡ ಭಯ ಸಿಡುಬು. ಅರಮನೆಯನ್ನೂ ಅದು ಬಿಟ್ಟಿರಲಿಲ್ಲ. ಪಟ್ಟವೇರಿದ ಹುಡುಗನ ತಂದೆ 1796ರಲ್ಲಿ ಸಿಡುಬಿನಿಂದಲೇ ತೀರಿಕೊಂಡಿದ್ದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಹಾಕುವ ವಿಧಾನ ಪರೀಕ್ಷಿಸಿದ. 1802ರ ಜೂನ್‌ನಲ್ಲಿ ಮುಂಬೈಯಲ್ಲಿ ಮೂರು ವರ್ಷದ ಮಗುವೊಂದಕ್ಕೆ ಭಾರತದ ಮೊದಲ ಲಸಿಕೆ ಬಿತ್ತು. ಆಗ ಸಿರಿಂಜ್ ಇಲ್ಲ, ಫ್ರಿಜ್ ಇಲ್ಲ. ಒಬ್ಬರ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕು. ಜಾತಿ, ಮಡಿಮೈಲಿಗೆ, ದೇವಿಯ ಮುನಿಸು ಎಂದೆಲ್ಲ ಜನ ಹಿಂಜರಿದರು.

ಇಂಥ ಹೊತ್ತಿನಲ್ಲಿ, 1805ರ ಸುಮಾರಿಗೆ, ಥಾಮಸ್ ಹಿಕಿ ಒಂದು ತೈಲಚಿತ್ರ ಬರೆದ. ಡಬ್ಲಿನ್‌ನಲ್ಲಿ ಹುಟ್ಟಿ, ಇಂಗ್ಲೆಂಡಿನ ಬಾತ್ ಊರಿನಲ್ಲಿ ಭಾವಚಿತ್ರ ಬರೆದು, ಕೊನೆಗೆ ಮದ್ರಾಸಿನಲ್ಲಿ ನೆಲೆಸಿದವನು ಆತ. ಚಿತ್ರದಲ್ಲಿ ಮೂವರು ಹೆಂಗಸರು. ಬಹುಕಾಲ ಇವರನ್ನು ನರ್ತಕಿಯರೆಂದೇ ತಿಳಿಯಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಬೇರೆಯದೇ ವಿವರಣೆ ಕೊಟ್ಟರು. ಬಲಗಡೆಯವಳು ದೊರೆಯ ಕಿರಿಯ ರಾಣಿ ದೇವಾಜಮ್ಮಣ್ಣಿ. ಸೀರೆಯ ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳು ತೋರಿಸುತ್ತಿದ್ದಾಳೆ. ಎಡಗಡೆಯವಳು ಅದೇ ಹೆಸರಿನ ಹಿರಿಯ ರಾಣಿ. ಮೂಗು ಬಾಯಿಯ ಸುತ್ತಲಿನ ಬಣ್ಣಗೆಟ್ಟ ಚರ್ಮ ಹಳೆಯ ಪದ್ಧತಿಯ ಗುರುತು. ಒಣಗಿದ ಸಿಡುಬಿನ ಪುಡಿಯನ್ನು ಮೂಗಿಗೆ ಊದುತ್ತಿದ್ದ ಪದ್ಧತಿ ಅದು. ನಡುವೆ ನಿಂತವರು ಲಕ್ಷ್ಮಮ್ಮಣ್ಣಿ ಇರಬೇಕೆಂದು ಅವರ ಅಭಿಪ್ರಾಯ. ರಾಣಿಯೇ ಲಸಿಕೆ ಹಾಕಿಸಿಕೊಂಡದ್ದರಿಂದ ಜನರಿಗೂ ಧೈರ್ಯ ಬಂತೆಂದು 1806ರ ಜುಲೈ ತಿಂಗಳ ದಾಖಲೆಯೊಂದು ತಿಳಿಸುತ್ತದೆ.

ಪರದೆಯ ಹಿಂದಿರುವ ರಾಣಿಯರು ಪರದೇಶಿ ಚಿತ್ರಕಾರನ ಎದುರು ನಿಲ್ಲುವುದು ಆಗ ಸಣ್ಣ ಮಾತಲ್ಲ. ಲಸಿಕೆ ಹರಡುವುದರಿಂದ ಕಂಪನಿಗೂ ಲಾಭವಿತ್ತು. ಆದರೆ ಮನೆಯ ಹಿರಿಯಳ ಒಪ್ಪಿಗೆಯಿಲ್ಲದೆ ಇದು ಆಗುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. 1810ರಲ್ಲಿ ಲಕ್ಷ್ಮಮ್ಮಣ್ಣಿ ತೀರಿಕೊಂಡರು.

ನಮ್ಮ ಬಳ್ಳಾರಿ ಆಗ ಮೈಸೂರಿನದಲ್ಲ. 1800ರಲ್ಲಿ ನಿಜಾಮರು ಕಂಪನಿಗೆ ಬಿಟ್ಟುಕೊಟ್ಟ ಸೀಮೆ. ಆದರೆ ಸಿಡುಬಿಗೆ ಗಡಿಯ ಹಂಗಿರಲಿಲ್ಲ. ದೇಶದೊಳಗಿನ ಕೊನೆಯ ಸಿಡುಬು ಕಂಡದ್ದು 1975ರಲ್ಲಿ, ಹೆಚ್ಚುಕಡಿಮೆ ನಮ್ಮ ಶಾಲೆ ಶುರುವಾದ ಕಾಲಕ್ಕೆ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳ ನಮ್ಮ ಅಜ್ಜಿಯರ ತೋಳಿನ ಮೇಲಿನ ದುಂಡನೆಯ ಕಲೆಗಳೂ ಇದೇ ಕಥೆಗೆ ಸೇರಿದವು. ಇಂದು ಮಕ್ಕಳ ಲಸಿಕೆಗಾಗಿ ಮನೆಮನೆ ಅಲೆಯುವ ಆಶಾ ಕಾರ್ಯಕರ್ತೆಯರಿಗೆ ಬಾಗಿಲು ಮುಚ್ಚಬೇಡಿ ಎಂದು ಊರಿನ ಹಿರಿಯರಲ್ಲಿ ನನ್ನ ವಿನಂತಿ. ಶಾಲೆಯ ಹೆಣ್ಣುಮಕ್ಕಳು ಈ ಚಿತ್ರವನ್ನು ಒಮ್ಮೆ ಹುಡುಕಿ ನೋಡಲಿ.